ಏಳನೇ ತಂತಿ ಗೊಜ್ಜಾಗುತ್ತಿದೆ, ಯಾವ ಪಿಕಪ್ ಹಾಕಲಿ?

ಪ್ರಶ್ನೆ: ಸರ್, ನನ್ನ ಬಳಿ ಏಳು ತಂತಿಯ ಗಿಟಾರ್ ಇದೆ, ಸ್ಕೇಲ್ (ತಂತಿ ಮಿಡಿಯುವ ಉದ್ದ) 25.5 ಇಂಚು. ಕಂಪನಿಯಿಂದಲೇ ಬಂದ ಪ್ಯಾಸಿವ್, ಅಂದರೆ ಬ್ಯಾಟರಿ ಬೇಡದ ಪಿಕಪ್‌ಗಳು (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಮಾಡುವ ಅಯಸ್ಕಾಂತ ಮತ್ತು ಕಾಯಿಲ್). ಬ್ಯಾಂಡ್‌ಗೋಸ್ಕರ ಏಳನೇ ತಂತಿಯನ್ನು ಬಿ ಸ್ವರದಿಂದ ಎ ಸ್ವರಕ್ಕೆ ಇಳಿಸಿದ್ದೇನೆ. ಮನೆಯಲ್ಲಿ ಕಂಪ್ಯೂಟರ್‌ಗೆ ಜೋಡಿಸುವ ಇಂಟರ್‌ಫೇಸ್‌ಗೆ ಹಾಕಿ ಪ್ಲಗಿನ್‌ನಲ್ಲಿ ನುಡಿಸಿದರೆ ಪರವಾಗಿಲ್ಲ. ಜಾಮ್‌ಪ್ಯಾಡ್‌ನಲ್ಲಿ (ಬ್ಯಾಂಡ್ ಅಭ್ಯಾಸದ ಕೋಣೆ) ಪಾಮ್ ಮ್ಯೂಟ್, ಅಂದರೆ ಅಂಗೈ ಅಂಚಿನಿಂದ ತಂತಿ ತಡೆದು ನುಡಿಸುವುದು, ಮಾಡಿದರೆ ಎಲ್ಲ ಗೊಜ್ಜು. ಒಬ್ಬ ಗೆಳೆಯ ಇಎಂಜಿ 707 ಹಾಕು ಅಂತಾನೆ, ಇನ್ನೊಬ್ಬ ಫಿಶ್‌ಮನ್ ಫ್ಲೂಯೆನ್ಸ್ ಅಂತಾನೆ, ಮತ್ತೊಬ್ಬ ಇಂಗ್ಲೆಂಡಿನಿಂದ ಬೇರ್ ನಕಲ್ ಕಂಪನಿಯದ್ದು ತರಿಸು ಅಂತಾನೆ. ಮುಂದಿನ ವರ್ಷ ಎಂಟು ತಂತಿಗೆ ಹೋಗುವ ಆಸೆಯೂ ಇದೆ. ಯಾವುದು ತಗೊಳ್ಳಲಿ? (ಬನಶಂಕರಿಯ ಓದುಗರು)

ಉತ್ತರ: ಗೆಳೆಯರು ಹೇಳಿದ ಮೂರೂ ಒಳ್ಳೆಯ ಪಿಕಪ್‌ಗಳೇ. ಆದರೆ ಅರ್ಧ ಉತ್ತರ ನಿಮ್ಮ ಪತ್ರದಲ್ಲೇ ಇದೆ. ಮನೆಯಲ್ಲಿ ಪರವಾಗಿಲ್ಲ, ಜಾಮ್‌ಪ್ಯಾಡ್‌ನಲ್ಲಿ ಗೊಜ್ಜು ಅಂದಿರಿ. ಎರಡೂ ಕಡೆ ಗಿಟಾರ್ ಅದೇ, ಪಿಕಪ್ಪೂ ಅದೇ. ಹಾಗಿರುವಾಗ ತಪ್ಪನ್ನೆಲ್ಲ ಪಿಕಪ್ ತಲೆಗೆ ಕಟ್ಟಲು ಬರುವುದಿಲ್ಲ. ಬದಲಾಗಿದ್ದು ಉಳಿದದ್ದು, ನನ್ನ ಅಂದಾಜಿನಲ್ಲಿ: ಉದ್ದದ ಕೇಬಲ್, ಬೇಸ್ ನಾಬ್ ಮೂರು ಗಂಟೆಗೆ ತಿರುಗಿಸಿಟ್ಟ ಆಂಪ್, ಸಣ್ಣ ಕೋಣೆ, ಪಕ್ಕದಲ್ಲಿ ಬೇಸಿಸ್ಟ್.

ಬೇಸಿಸ್ಟ್ ವಿಷಯ ಮೊದಲು. ನಿಮ್ಮ ಏಳನೇ ತಂತಿ ಈಗ 55 ಹರ್ಟ್ಜ್‌ನಲ್ಲಿದೆ. ಬೇಸ್ ಗಿಟಾರಿನ ಎ ತಂತಿಯೂ ಸರಿಯಾಗಿ 55 ಹರ್ಟ್ಜೇ. ಅಂದರೆ ನೀವು ಮತ್ತು ಅವರು ಒಂದೇ ಜಾಗಕ್ಕೆ ಸೀಟು ಹಿಡಿಯುತ್ತಿದ್ದೀರಿ. ಆ ಜಾಗ ಅವರದ್ದು. ಸಾಮಾನ್ಯ ಗಿಟಾರ್ ಕ್ಯಾಬಿನೆಟ್‌ಗಳಲ್ಲಿ ಇರುವ ಸೆಲೆಶನ್ ವಿಂಟೇಜ್ 30 ಸ್ಪೀಕರಿನ ಕೆಲಸದ ವ್ಯಾಪ್ತಿಯನ್ನು ಕಂಪನಿಯೇ 70ರಿಂದ 5,000 ಹರ್ಟ್ಜ್ ಅಂತ ಬರೆದಿದೆ. 55 ಹರ್ಟ್ಜನ್ನು ಅದು ಹೇಗೂ ಸರಿಯಾಗಿ ಕೇಳಿಸುವುದಿಲ್ಲ. ನೀವು ಬೇಸ್ ನಾಬ್ ಏರಿಸಿದಾಗ ಹೆಚ್ಚುವುದು ಭಾರ ಅಲ್ಲ, ಮೇಲಿನ 100-200 ಹರ್ಟ್ಜ್‌ನ ಗುಂಯ್‌ಗುಡುವಿಕೆ.

ಹಾಗಾದರೆ ಆ ಆಳ ನಮಗೆ ಕೇಳುವುದಾದರೂ ಹೇಗೆ? ತಂಬೂರಿ ಮೀಟಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮಂದ್ರ ತಂತಿಯ ಕೆಳಗೆ ಜೀವಾಳದ ನೂಲನ್ನು ಒಂಚೂರು ಸರಿಸಿದರೆ ಸ್ವರದ ಎತ್ತರ ಬದಲಾಗುವುದಿಲ್ಲ, ಮೂಲಸ್ವರದ ಜೊತೆಗೇ ಮೊಳಗುವ ಮೇಲಿನ ಅನುಸ್ವರಗಳು ಅರಳುತ್ತವೆ, ಆಗಲೇ ಮಂದ್ರ ಷಡ್ಜ ತುಂಬಿ ಬಂದಂತೆ ಅನಿಸುತ್ತದೆ. ಸಿ.ವಿ. ರಾಮನ್ 1921ರಲ್ಲೇ ತಂಬೂರಿ ಮತ್ತು ವೀಣೆಯ ಈ ಗುಣದ ಬಗ್ಗೆ ಬರೆದಿದ್ದರು. ಅನುಸ್ವರಗಳ ಸಾಲು ಸ್ಪಷ್ಟವಾಗಿದ್ದರೆ ಮೂಲಸ್ವರ ದುರ್ಬಲವಾಗಿದ್ದರೂ ಕಿವಿ ಅದನ್ನು ತಾನೇ ಕಟ್ಟಿಕೊಳ್ಳುತ್ತದೆ. ಕೆಳಗಿನ ಟ್ಯೂನಿಂಗ್‌ನ ಗಿಟಾರ್ ನಡೆಯುವುದೂ ಈ ನಂಬಿಕೆಯ ಮೇಲೆಯೇ. 110, 165, 220, 275 ಹರ್ಟ್ಜ್‌ಗಳು ಒಂದರಿಂದೊಂದು ಬಿಡಿಸಿ ಕೇಳಿದರೆ 55 ಹರ್ಟ್ಜ್ ಇದೆ ಅಂತಲೇ ಕಿವಿ ಒಪ್ಪುತ್ತದೆ. ಅವು ಕಲಸಿಹೋದರೆ ಯಾವ ಆಳವೂ ಇಲ್ಲ.

ಕಲಸುವ ಕೆಲಸ ಮಾಡುವುದು ಡಿಸ್ಟಾರ್ಷನ್, ಅಂದರೆ ಆಂಪ್ ಬೇಕೆಂದೇ ಸಿಗ್ನಲ್ಲನ್ನು ಒರಟು ಮಾಡುವುದು. ಪಿಕಪ್ ಇರುವುದು ಅದಕ್ಕೂ ಮುಂಚೆ. ಸಿಗ್ನಲ್ ಹಿಗ್ಗಿಸುವ ಗೇನ್ ಹಂತಕ್ಕೆ ದಪ್ಪ ಬೇಸ್ ಹೊಕ್ಕರೆ ಅದು ಉಳಿದೆಲ್ಲ ಸ್ವರಗಳನ್ನೂ ತನ್ನ ಜೊತೆ ಕುಣಿಸುತ್ತದೆ, ಅದರಿಂದ ಹುಟ್ಟುವ ಹೊಸ ಸ್ವರಗಳು ಯಾವ ಶ್ರುತಿಗೂ ಸೇರಿದವಲ್ಲ. ಆಮೇಲೆ ಆಂಪ್‌ನ ಈಕ್ಯೂ ತಿರುಗಿಸಿ ಬೇಸ್ ಇಳಿಸಿದರೆ ಗೊಜ್ಜು ತೆಳುವಾಗುತ್ತದೆ, ಅಷ್ಟೇ, ಬಿಡಿಸಿ ಬರುವುದಿಲ್ಲ. ಮೆಟಲ್ ನುಡಿಸುವವರು ಹೈ ಗೇನ್ ಆಂಪ್‌ನ ಮುಂದೆ ಟ್ಯೂಬ್ ಸ್ಕ್ರೀಮರ್ ಇಟ್ಟು, ಅದರ ಡ್ರೈವ್ ಸೊನ್ನೆಗೆ, ಲೆವೆಲ್ ಪೂರ್ತಿಗೆ ತಿರುಗಿಸುವುದು ಇದಕ್ಕೇ. ಆ ಪೆಡಲ್‌ನ ಒಳಗಿನ ಸರ್ಕ್ಯೂಟ್ ಸುಮಾರು 720 ಹರ್ಟ್ಜ್‌ನ ಕೆಳಗಿನದ್ದಕ್ಕೆ ಕಡಿಮೆ ಗೇನ್ ಕೊಡುತ್ತದೆ. ಪಿಕಪ್ ಆಯ್ಕೆಯಲ್ಲೂ ನನ್ನ ಅಳತೆಗೋಲು ಇದೊಂದೇ: ಏಳು, ಎಂಟು ತಂತಿಗೆ ಬೇಕಾದ್ದು ಜೋರಾದ ಪಿಕಪ್ ಅಲ್ಲ, ಕೆಳಭಾಗದಲ್ಲಿ ಜಿಪುಣತನ ಮಾಡುವ ಪಿಕಪ್. ಭಾರವನ್ನು ಆಂಪ್ ಕೊಡುತ್ತದೆ, ಬಲಗೈ ಕೊಡುತ್ತದೆ.

ಹಾಗಾಗಿ ದುಡ್ಡು ಬಿಚ್ಚುವ ಮುಂಚೆ ಎರಡು ಕೆಲಸ ಮಾಡಿ. ಎರಡಕ್ಕೂ ಹೆಚ್ಚು ಖರ್ಚಿಲ್ಲ.

ಒಂದು, ತಂತಿ. ಬಿ ಅಂದರೆ 61.7 ಹರ್ಟ್ಜ್, ಎ ಅಂದರೆ 55. ಬಿಗಿತ ಫ್ರೀಕ್ವೆನ್ಸಿಯ ವರ್ಗದ ಲೆಕ್ಕದಲ್ಲಿ ಇಳಿಯುವುದರಿಂದ, ಅದೇ ತಂತಿಯನ್ನು ಇಷ್ಟು ಸಡಿಲಿಸಿದರೆ ಬಿಗಿತದಲ್ಲಿ ಐದನೇ ಒಂದು ಪಾಲು ಹೋಯಿತು. ಸಡಿಲ ತಂತಿಗೆ ಜೋರಾಗಿ ಹೊಡೆದಾಗ ಸ್ವರ ಮೊದಲು ಮೇಲಕ್ಕೆ ಹಾರಿ ಆಮೇಲೆ ಕೂರುತ್ತದೆ, ಟ್ಯೂನರ್‌ನ ಮುಳ್ಳಿನಲ್ಲೇ ಅದು ಕಾಣುತ್ತದೆ. ಜಗತ್ತಿನ ಯಾವ ಪಿಕಪ್ಪೂ ಇದನ್ನು ಸರಿಮಾಡಲಾರದು. ಈಗ 0.056 ಇಂಚು ದಪ್ಪದ್ದು ಇದ್ದರೆ 0.062 ಅಥವಾ 0.064 ಹಾಕಿ, ಹಳೆಯ ಬಿಗಿತ ಹೆಚ್ಚುಕಡಿಮೆ ವಾಪಸ್ ಬರುತ್ತದೆ. ನಟ್‌ನಲ್ಲಿ ತಂತಿ ಕೂರುವ ಸೀಳನ್ನು ಸ್ವಲ್ಪ ಉಜ್ಜಬೇಕಾಗಬಹುದು, ಇಂಟೊನೇಷನ್ (ಫ್ರೆಟ್‌ಗಳ ಮೇಲಿನ ಶ್ರುತಿ) ಮತ್ತೆ ಕೂರಿಸಲೇಬೇಕು.

ಎರಡು, ಪಿಕಪ್‌ನ ಎತ್ತರ. ಹೊಸ ಗಿಟಾರ್‌ಗಳಲ್ಲಿ ಬ್ರಿಜ್ ಪಿಕಪ್ಪನ್ನು (ತಂತಿಯ ಬುಡದ ಕಡೆಯದ್ದು) ಎರಡೂ ತುದಿ ಸಮನಾಗಿ, ತಂತಿಗೆ ಅಂಟಿದ ಹಾಗೆ ಎತ್ತಿಟ್ಟಿರುವುದನ್ನು ಎಷ್ಟೋ ಸಲ ನೋಡುತ್ತೇನೆ. ದಪ್ಪ ತಂತಿ ಕಾಯಿಲ್‌ಗೆ ಹತ್ತಿರ ಬಂದಷ್ಟೂ ಕೆಳಭಾಗ ಉಬ್ಬುತ್ತದೆ. ಏಳನೇ ತಂತಿಯನ್ನು ಕೊನೆಯ ಫ್ರೆಟ್‌ನಲ್ಲಿ ಒತ್ತಿ ಹಿಡಿದು, ತಂತಿಯ ತಳದಿಂದ ಪಿಕಪ್‌ನ ಮೇಲ್ಮೈವರೆಗೆ ಸುಮಾರು 3 ಮಿಲಿಮೀಟರ್ ಬಿಡಿ, ಸಣ್ಣ ತಂತಿಯ ಕಡೆ 2 ಸಾಕು. ಅಳೆಯಲು ಒಂದು ರೂಪಾಯಿ ನಾಣ್ಯ ಇಡಲು ಹೋಗಬೇಡಿ, ಅದು ಅಯಸ್ಕಾಂತಕ್ಕೆ ಅಂಟುವ ಸ್ಟೀಲು, ಪಿಕಪ್ ಮೇಲೇ ಕಚ್ಚಿಕೊಳ್ಳುತ್ತದೆ. ಅವಧಿ ಮುಗಿದ ಎಟಿಎಂ ಕಾರ್ಡ್‌ಗಳು ಒಳ್ಳೆಯ ಅಳತೆಪಟ್ಟಿ. ಒಂದೊಂದರ ದಪ್ಪ 0.76 ಮಿಲಿಮೀಟರ್, ನಾಲ್ಕು ಜೋಡಿಸಿದರೆ 3. ಚಾಲ್ತಿಯಲ್ಲಿರುವ ಕಾರ್ಡ್ ಬೇಡ, ಮ್ಯಾಗ್ನೆಟಿಕ್ ಪಟ್ಟಿ ಹಾಳಾದೀತು. ಪಿಕಪ್ ಇಳಿಸಿದ ಮೇಲೆ ಸದ್ದು ಕಡಿಮೆಯಾಯಿತು ಅನಿಸಿದರೆ ಆಂಪ್‌ನಲ್ಲಿ ಗೇನ್ ಒಂಚೂರು ಏರಿಸಿಕೊಳ್ಳಿ.

ಇಷ್ಟಾದ ಮೇಲೂ ಗೊಜ್ಜು ಹೋಗದಿದ್ದರೆ ಪಿಕಪ್ ಮಾತು.

ಅಂಗಡಿಯವರೂ ಯೂಟ್ಯೂಬ್‌ನವರೂ ಮೊದಲು ಹೇಳುವುದು ಡಿಸಿ ರೆಸಿಸ್ಟೆನ್ಸ್: ಇದು 8 ಕಿಲೋ ಓಮ್, ಇದು 16, ಹಾಗಾಗಿ ಇದು ಎರಡರಷ್ಟು ಹಾಟ್, ಅಂದರೆ ಜೋರು. ಈ ಲೆಕ್ಕವನ್ನು ಪೂರ್ತಿ ನಂಬಬೇಡಿ. ಕಾಯಿಲ್‌ಗೆ ಸುತ್ತಿದ ತಾಮ್ರದ ತಂತಿ 42 ಗೇಜ್ ಬದಲು ಇನ್ನೂ ತೆಳುವಾದ 44 ಆಗಿದ್ದರೆ ಸುತ್ತು ಹೆಚ್ಚದೇ ಓಮ್ ಹೆಚ್ಚುತ್ತದೆ. ಕಿವಿಗೆ ತಟ್ಟುವ ಅಂಕಿ ಬೇರೆ, ಅದು ಇಂಡಕ್ಟೆನ್ಸ್. ಸ್ಪೆಕ್ ಹಾಳೆಯಲ್ಲಿ ಹೆನ್ರಿ ಅಂತ ಬರೆದಿರುತ್ತಾರೆ, ಕೆಲವರು ಬರೆಯುವುದೇ ಇಲ್ಲ. ಈ ಇಂಡಕ್ಟೆನ್ಸ್ ನಿಮ್ಮ ಕೇಬಲ್‌ನ ಕೆಪಾಸಿಟೆನ್ಸ್ ಜೊತೆ ಸೇರಿ ಒಂದು ಶಿಖರ ಕಟ್ಟುತ್ತದೆ, ಅದರ ಮೇಲಿನ ಫ್ರೀಕ್ವೆನ್ಸಿಗಳೆಲ್ಲ ಜಾರಿಬೀಳುತ್ತವೆ. ಸಾಧಾರಣ ಕೇಬಲ್ ಮೀಟರ್‌ಗೆ ಸುಮಾರು 100 ಪಿಕೋಫ್ಯಾರಡ್ ಅಂದುಕೊಳ್ಳಿ. 8 ಹೆನ್ರಿಯ ಹಾಟ್ ಪಿಕಪ್ ಜೊತೆ 6 ಮೀಟರ್ ಕೇಬಲ್ ಹಾಕಿದರೆ ಶಿಖರ 2,100 ಹರ್ಟ್ಜ್ ಆಸುಪಾಸು. 4.5 ಹೆನ್ರಿಯ ಪಿಕಪ್ ಆದರೆ 2,800. ಪಿಕ್ ತಂತಿಗೆ ಬಡಿಯುವ ಆ 'ಟಕ್' ಇರುವುದು ಈ ಪ್ರದೇಶದಲ್ಲೇ, ಹಾಗಾಗಿ ಈ ವ್ಯತ್ಯಾಸ ಚೆನ್ನಾಗಿ ಕೇಳುತ್ತದೆ.

ಈಗ ಅದೇ 8 ಹೆನ್ರಿಯ ಪಿಕಪ್ಪನ್ನು ಇಟ್ಟುಕೊಂಡು ಕೇಬಲ್ಲನ್ನು 3 ಮೀಟರ್‌ಗೆ ಇಳಿಸಿ. ಶಿಖರ ಆಗಲೂ 2,800ಕ್ಕೇ ಬರುತ್ತದೆ. ಪಿಕಪ್ ಬದಲಿಸಿ ಪಡೆಯಬೇಕಿದ್ದ ಸ್ಪಷ್ಟತೆಯಲ್ಲಿ ಒಂದು ಪಾಲು ಗಿಡ್ಡ ಕೇಬಲ್‌ನಲ್ಲೇ ಇದೆ. ಪ್ಯಾಡ್‌ನವರು ಕೊಡುವ ಉದ್ದದ ಕೇಬಲ್ ಬಿಟ್ಟು ನಿಮ್ಮದೇ 3 ಮೀಟರ್‌ನದ್ದು ಒಯ್ಯಿರಿ, ಟ್ಯೂಬ್ ಸ್ಕ್ರೀಮರ್ ಇದ್ದರೆ ಅದು ನೇರವಾಗಿ ಅದಕ್ಕೇ ಹೋಗಲಿ. ಆ ಪೆಡಲ್‌ನಲ್ಲಿ ಬಫರ್ (ಸಿಗ್ನಲ್‌ಗೆ ಬಲ ಕೊಡುವ ಸರ್ಕ್ಯೂಟ್) ಇರುವುದರಿಂದ ಅಲ್ಲಿಂದಾಚೆಗೆ ಕೇಬಲ್ ಎಷ್ಟು ಉದ್ದವಿದ್ದರೂ ಚಿಂತೆಯಿಲ್ಲ.

ಬ್ಯಾಟರಿಯಿಂದ ನಡೆಯುವ ಆ್ಯಕ್ಟಿವ್ ಪಿಕಪ್‌ಗಳ ನಿಜವಾದ ಉಪಕಾರವೂ ಇದೇ. ಇಎಂಜಿಯ ಕಾಯಿಲ್‌ಗಳ ಇಂಪಿಡೆನ್ಸ್ ಕಡಿಮೆ, ಒಳಗೇ ಪ್ರೀಆಂಪ್ ಇದೆ, ಹೊರಬರುವ ಸಿಗ್ನಲ್‌ಗೆ ಕೇಬಲ್ ಉದ್ದದ ಹಂಗಿಲ್ಲ. ಅಯಸ್ಕಾಂತದ ಸೆಳೆತ ಕಡಿಮೆ ಇರುವುದರಿಂದ ತಂತಿಗೆ ಹತ್ತಿರ ಎತ್ತಿದರೂ ತೊಂದರೆ ಕಡಿಮೆ. ಫಿಶ್‌ಮನ್ ಫ್ಲೂಯೆನ್ಸ್‌ನಲ್ಲಿ ಸುತ್ತಿದ ತಂತಿಯೇ ಇಲ್ಲ. ಸರ್ಕ್ಯೂಟ್ ಬೋರ್ಡ್ ಥರ ಮುದ್ರಿಸಿದ ಕಾಯಿಲ್‌ಗಳನ್ನು ಒಂದರ ಮೇಲೊಂದು ಜೋಡಿಸಿರುತ್ತಾರೆ, ಒಂದೇ ಪಿಕಪ್‌ನಲ್ಲಿ ಎರಡು ಧ್ವನಿ, ನಾಬ್ ಎಳೆದರೆ ಬದಲಾಗುತ್ತದೆ. ಮಾಡರ್ನ್ ಮಾಡೆಲ್‌ನ ಎರಡನೇ ಧ್ವನಿ ನನಗೆ ಮೊದಲಿನದ್ದಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ, ತಂತಿ ತಂತಿ ಬಿಡಿಸಿ ಕೇಳಿಸುತ್ತದೆ. ಎರಡಕ್ಕೂ 9 ವೋಲ್ಟ್ ಬ್ಯಾಟರಿ ಬೇಕು. ಇಎಂಜಿ ತಿಂಗಳುಗಟ್ಟಲೆ ನಡೆಯುತ್ತದೆ, ಫ್ಲೂಯೆನ್ಸ್‌ಗೆ ಹೊಟ್ಟೆ ದೊಡ್ಡದು. ಕೇಬಲ್ ಚುಚ್ಚಿಟ್ಟು ಮಲಗಿದರೆ ಎರಡೂ ರಾತ್ರಿಯಿಡೀ ಕುಡಿಯುತ್ತವೆ.

ನಮ್ಮ ಬೆಂಗಳೂರಿನಲ್ಲಿ ಇಎಂಜಿ ಮೇಲಿರುವ ಮೋಹಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. 2011ರ ಅಕ್ಟೋಬರ್ 30ರಂದು ಅರಮನೆ ಮೈದಾನದಲ್ಲಿ ಅಮೆರಿಕದ ಮೆಟಲ್ ಬ್ಯಾಂಡ್ ಮೆಟಾಲಿಕಾ ಕೇಳಿ ಬಂದವರಿಗೆ ಆ ಕಪ್ಪು ಡಬ್ಬಿಗಳೇ ಮೆಟಲ್. ಆದರೆ ಆ ಬ್ಯಾಂಡಿನ ರಿಫ್‌ಗಳು (ಮತ್ತೆ ಮತ್ತೆ ಬರುವ ಗಿಟಾರ್ ಸಾಲುಗಳು) ಬಹುಪಾಲು ಆರು ತಂತಿಯ ಇ ಸ್ವರದವು, 82 ಹರ್ಟ್ಜ್. ಅಲ್ಲಿ ದಪ್ಪ ಬೇಕು. ನಿಮ್ಮ 55ರಲ್ಲಿ ದಪ್ಪ ಹೇಗೂ ಇದೆ, ಬೇಕಿರುವುದು ಅಂಚು.

ಪಿಕಪ್‌ನ ಅಯಸ್ಕಾಂತ ಸಿರಾಮಿಕ್ ಒಳ್ಳೆಯದೋ ಆಲ್ನಿಕೊ ಒಳ್ಳೆಯದೋ ಅಂತ ಜನ ರಾತ್ರಿಯಿಡೀ ಜಗಳವಾಡುತ್ತಾರೆ. ಬ್ರಿಜ್‌ಗೆ ಸಿರಾಮಿಕ್, ನೆಕ್‌ಗೆ ಆಲ್ನಿಕೊ ಅನ್ನುವುದು ಈ ಸಂಗೀತದಲ್ಲಿ ಬಳಕೆಯ ಜೋಡಿ, ಫ್ಲೂಯೆನ್ಸ್ ಮಾಡರ್ನ್ ಸೆಟ್ಟೂ ಹಾಗೇ, ಸೆಮೂರ್ ಡಂಕನ್‌ನ ನಾಝ್ಗುಲ್ ಮತ್ತು ಸೆಂಟಿಯೆಂಟ್ ಜೋಡಿಯೂ ಹಾಗೇ. ಆದರೆ ಅದೇ ಡಂಕನ್‌ನ ಪೆಗಸಸ್‌ನಲ್ಲಿ ಆಲ್ನಿಕೊ 5 ಇದ್ದರೂ ಕೆಳ ಟ್ಯೂನಿಂಗ್‌ನಲ್ಲಿ ಸ್ವರ ಸ್ವರ ಬಿಡಿಸಿ ಬರುತ್ತದೆ. ಅಯಸ್ಕಾಂತದ ಹೆಸರೊಂದನ್ನೇ ನೋಡಿ ತೀರ್ಮಾನಿಸಬೇಡಿ. ಇನ್ನು ಬಾಡಿಯ ಮರದ ಚರ್ಚೆಯನ್ನು ನಾನು ಇಲ್ಲಿ ಎತ್ತುವುದೇ ಇಲ್ಲ.

ನಿಮ್ಮ ವಿಷಯದಲ್ಲಿ ನನ್ನ ತೀರ್ಪು: ಏಳು ತಂತಿಗೆ ಪ್ಯಾಸಿವ್‌ನಲ್ಲೇ ಉಳಿಯಿರಿ, ಮಧ್ಯಮ ಔಟ್‌ಪುಟ್‌ನ ಪೆಗಸಸ್ ಥರದ್ದು. ಬೇರ್ ನಕಲ್‌ನ ಆಫ್ಟರ್‌ಮಾತ್ ಕೂಡ ಈ ಕೆಲಸಕ್ಕೆಂದೇ ಮಾಡಿದ್ದು, ಸೊಗಸಾದ ಪಿಕಪ್. ಆದರೆ ಕಸ್ಟಮ್ಸ್, ತೆರಿಗೆ, ಕೊರಿಯರ್‌ನವರ ಶುಲ್ಕ ಎಲ್ಲ ಸೇರಿ ಮನೆ ಬಾಗಿಲಿಗೆ ಬರುವಾಗ ಬೆಲೆ ಬೇರೆಯೇ ಆಗಿರುತ್ತದೆ, ಅಳತೆ ತಪ್ಪಿದರೆ ವಾಪಸ್ ಕಳಿಸುವ ಮಾತೇ ಇಲ್ಲ. ಮಧ್ಯಮ ಔಟ್‌ಪುಟ್ ಅಂದದ್ದಕ್ಕೆ ಇನ್ನೂ ಒಂದು ಕಾರಣವಿದೆ. ನೀವು ಮನೆಯಲ್ಲಿ ಇಂಟರ್‌ಫೇಸ್ ಬಳಸುತ್ತೀರಿ. ಹಾಟ್ ಪಿಕಪ್‌ನಲ್ಲಿ ಏಳನೇ ತಂತಿಗೆ ಜೋರಾಗಿ ಹೊಡೆದರೆ ಗೇನ್ ಸೊನ್ನೆಯಲ್ಲಿದ್ದರೂ ಕೆಂಪು ದೀಪ ಮಿನುಗುವ ಇಂಟರ್‌ಫೇಸ್‌ಗಳಿವೆ. ಅಲ್ಲಿ ಒಮ್ಮೆ ಕತ್ತರಿಸಿಹೋದ ಸಿಗ್ನಲ್ಲನ್ನು ಯಾವ ಪ್ಲಗಿನ್ನೂ ಹೊಲಿಯಲಾರದು.

ಇಎಂಜಿ 707 ಬೇಡ ಅನ್ನಲು ಧ್ವನಿಗಿಂತ ದೊಡ್ಡ ಕಾರಣ ಮರಗೆಲಸ. ಅದು ಬೇಸ್ ಪಿಕಪ್ ಥರದ ಸೋಪ್‌ಬಾರ್ ಡಬ್ಬಿ, ಸುಮಾರು 3.5 ಇಂಚು ಉದ್ದ, 1.5 ಇಂಚು ಅಗಲ. ನಿಮ್ಮ ಗಿಟಾರಿನಲ್ಲಿ ಪ್ಯಾಸಿವ್ ಪಿಕಪ್‌ಗೆಂದು ಕೊರೆದ ಗುಂಡಿಗೆ ಅದು ಕೂರುವುದಿಲ್ಲ, ರೂಟರ್ ಹಿಡಿದು ಮರ ಕೊರೆಯಬೇಕು. ಪ್ಯಾಸಿವ್ ಅಳತೆಯಲ್ಲಿ ಬರುವ ಆ್ಯಕ್ಟಿವ್ ಪಿಕಪ್‌ಗಳೂ ಇವೆ, ಅವುಗಳ ಮಾಡೆಲ್ ನಂಬರ್ ಬೇರೆ, ಅಕ್ಷರ ಅಕ್ಷರ ನೋಡಿ ಆರ್ಡರ್ ಮಾಡಿ. ಯಾವುದೇ ಪಿಕಪ್ ತರಿಸುವ ಮುಂಚೆ ಹಳೆಯದನ್ನು ಬಿಚ್ಚಿ, ಗುಂಡಿಯ ಉದ್ದ ಅಗಲ ಆಳ, ಸ್ಕ್ರೂಗಳ ನಡುವಿನ ಅಂತರ, ಮೊದಲ ಮತ್ತು ಏಳನೇ ತಂತಿಯ ನಡುವಿನ ಅಂತರ ಬರೆದಿಟ್ಟುಕೊಳ್ಳಿ.

ಕೂರಿಸುವ ಕೆಲಸ ಕೈಬಂದರೆ ನೀವೇ ಮಾಡಬಹುದು. ನಾಲ್ಕು ವೈರ್‌ಗಳ ಬಣ್ಣದಲ್ಲಿ ಒಬ್ಬೊಬ್ಬರದ್ದು ಒಂದೊಂದು ದಾರಿ. ಡಂಕನ್‌ನಲ್ಲಿ ಕಪ್ಪು ಹಾಟ್ (ಇಲ್ಲಿ ಹಾಟ್ ಅಂದರೆ ಸಿಗ್ನಲ್ ಹೋಗುವ ವೈರ್), ಕೆಂಪು ಮತ್ತು ಬಿಳಿ ಒಟ್ಟಿಗೆ ಸೇರಿಸಿ ಟೇಪ್ ಸುತ್ತಬೇಕು, ಹಸಿರು ಮತ್ತು ಬರಿ ತಂತಿ ಗ್ರೌಂಡ್‌ಗೆ. ಡಿಮಾರ್ಜಿಯೊದಲ್ಲಿ ಕೆಂಪು ಹಾಟ್, ಕಪ್ಪು ಮತ್ತು ಬಿಳಿ ಒಟ್ಟಿಗೆ, ಹಸಿರು ಮತ್ತು ಬರಿ ತಂತಿ ಗ್ರೌಂಡ್‌ಗೆ. ಒಂದರ ಚಿತ್ರ ನೋಡಿ ಇನ್ನೊಂದಕ್ಕೆ ಬೆಸುಗೆ ಹಾಕಿದರೆ ಪಿಕಪ್ ಕೆಟ್ಟಿದೆ ಅಂತಲೇ ಅನಿಸುತ್ತದೆ. ಪಾಟ್ (ನಾಬ್‌ನ ಕೆಳಗಿನ ವಾಲ್ಯೂಮ್ ನಿಯಂತ್ರಕ) ಹಳೆಯದಾಗಿದ್ದರೆ ಪ್ಯಾಸಿವ್ ಹಂಬಕರ್‌ಗೆ (ಎರಡು ಕಾಯಿಲ್‌ನ ಪಿಕಪ್) 500 ಕಿಲೋ ಓಮ್‌ನದ್ದು ಬೇಕು, ಎಸ್.ಪಿ. ರಸ್ತೆಯಲ್ಲಿ 470 ಸಿಕ್ಕರೂ ಧಾರಾಳವಾಗಿ ಹಾಕಿ. ಶಾಫ್ಟ್‌ನ ದಪ್ಪ ನಿಮ್ಮ ನಾಬ್‌ಗೆ ಸರಿಹೋಗುತ್ತದೋ ಇಲ್ಲವೋ ಅಂಗಡಿಯಲ್ಲೇ ನೋಡಿ, ನಾಬ್ ಜೇಬಿನಲ್ಲಿ ಒಯ್ಯಿರಿ. ಇಎಂಜಿಗಾದರೆ 25 ಕಿಲೋ ಓಮ್ ಪಾಟ್, 500 ಇಟ್ಟರೆ ವಾಲ್ಯೂಮ್ ನಾಬ್ ಸ್ವಿಚ್ ಥರ ಕೆಲಸ ಮಾಡುತ್ತದೆ.

ಎಂಟು ತಂತಿಯ ಮಾತು ಬೇರೆ. ಎಫ್ ಶಾರ್ಪ್ 46 ಹರ್ಟ್ಜ್, ಅದರ ಮೊದಲ ಫ್ರೆಟ್ 49. ನಮ್ಮ ಕರೆಂಟ್ 50 ಹರ್ಟ್ಜ್. ಜಾಮ್‌ಪ್ಯಾಡ್‌ನ ಗುಂಯ್ ಸದ್ದು ಆರು ತಂತಿಯವರಿಗೆ ಕೆಳಗೆಲ್ಲೋ ಇರುವ ಕಿರಿಕಿರಿ. ನಿಮಗೆ ಅದು ನುಡಿಸುವ ಸ್ವರದ ಪಕ್ಕದಲ್ಲೇ ಕೂತಿರುತ್ತದೆ, ಸ್ವರದ ಜೊತೆ ಸೇರಿ ನಿಧಾನವಾಗಿ ತೂಗುತ್ತದೆ. ನಾಯ್ಸ್ ಗೇಟ್ (ಸದ್ದು ಸಣ್ಣದಾದಾಗ ಸಿಗ್ನಲ್ ತಡೆಯುವ ಸಾಧನ) ಮುಚ್ಚಿದರೆ ರಿಫ್‌ಗಳ ನಡುವೆ ನಿಶ್ಶಬ್ದ ಸಿಕ್ಕೀತು, ಸ್ವರದ ಒಳಗಿನ ಗುಂಯ್ ಹೋಗದು. ಅಲ್ಲಿ ಆ್ಯಕ್ಟಿವ್ ಪಿಕಪ್‌ಗಳ ಮೌನಕ್ಕೆ ನಾನು ದುಡ್ಡು ಕೊಡುತ್ತೇನೆ. ಎಷ್ಟೋ ಎಂಟು ತಂತಿಯ ಗಿಟಾರ್‌ಗಳು ಸೋಪ್‌ಬಾರ್ ಗುಂಡಿಯೊಂದಿಗೇ ಬರುವುದರಿಂದ ಮರಗೆಲಸದ ತಕರಾರೂ ಇರುವುದಿಲ್ಲ.

ಇಲ್ಲೇ ಇನ್ನೊಂದು ಮಾತು. ಹಾಡುತ್ತಾ ನುಡಿಸುವಾಗ ಮೈಕ್‌ಗೆ ತುಟಿ ತಾಗಿ ಚುರ್ ಅಂದರೆ ಅದು ಪ್ಯಾಡ್‌ನ ಅರ್ಥಿಂಗ್ ಸರಿಯಿಲ್ಲ ಅಂತ. ಇಎಂಜಿ ಹಾಕಿದರೆ ತಂತಿಗೆ ಹೋಗುವ ಗ್ರೌಂಡ್ ವೈರ್ ತೆಗೆಯಿರಿ ಅಂತ ಕಂಪನಿಯವರೇ ಹೇಳುತ್ತಾರೆ, ಅದರಿಂದ ಶಾಕ್‌ನ ಅಪಾಯ ಕಡಿಮೆಯಾಗುತ್ತದೆ. ಆದರೆ ಅದು ಅರ್ಥಿಂಗ್‌ಗೆ ಬದಲಿ ಅಲ್ಲ. ಅಲ್ಲಿ ನುಡಿಸುವುದನ್ನು ನಿಲ್ಲಿಸಿ, ಪ್ಯಾಡ್‌ನವರಿಗೆ ಹೇಳಿ ಎಲೆಕ್ಟ್ರಿಷಿಯನ್ ಕರೆಸಿ.

ಎಂಟು ತಂತಿ ಕೊಳ್ಳುವಾಗ ಪಿಕಪ್ ನೋಡುವ ಮುಂಚೆ ಸ್ಕೇಲ್ ನೋಡಿ. 25.5ರಿಂದ 27 ಇಂಚಿಗೆ ಹೋದರೆ ಅದೇ ತಂತಿ ಅದೇ ಸ್ವರದಲ್ಲಿ ಶೇ 12ರಷ್ಟು ಹೆಚ್ಚು ಬಿಗಿಯಾಗಿರುತ್ತದೆ. ಎಂಟು ತಂತಿಯ ಗಿಟಾರ್ ನುಡಿಸುವ ಮೆಟಲ್ ಬ್ಯಾಂಡ್ ಮೆಶುಗ್ಗಾದವರ ಧ್ವನಿ ಬೇಕು ಅಂತ ಸ್ವೀಡನ್ನಿನ ಲುಂಡ್‌ಗ್ರೆನ್ ಎಂ8 ಪಿಕಪ್ ಹುಡುಕುವವರು ಬಹಳ. ಅವರಿಗೆಂದು ಐಬನೆಜ್ ಮಾಡಿದ ಎಂ8ಎಂ ಗಿಟಾರಿನ ಸ್ಕೇಲ್ 29.4 ಇಂಚು ಅನ್ನುವುದನ್ನು ಓದುವವರು ಕಡಿಮೆ. ಆ ಪಿಕಪ್ಪನ್ನು 25.5 ಇಂಚಿನ ಮೇಲೆ ಕೂರಿಸಿದರೆ ಸಡಿಲ ತಂತಿಯನ್ನೇ ಅದು ಪ್ರಾಮಾಣಿಕವಾಗಿ ಕೇಳಿಸುತ್ತದೆ. ಫ್ರೆಟ್‌ಗಳು ಓರೆಯಾಗಿರುವ ಮಲ್ಟಿಸ್ಕೇಲ್ ಗಿಟಾರ್ ಆದರೆ ಪಿಕಪ್ ಗುಂಡಿಯೂ ಓರೆಯೋ ನೇರವೋ ಕೇಳಿ. ಓರೆಯಾಗಿದ್ದು, ಅದೇ ಕೋನದ ಡಬ್ಬಿ ಬೇಕಾದರೆ ಆಯ್ಕೆ ಬಹಳ ಕಿರಿದಾಗುತ್ತದೆ. ಗಿಟಾರ್ ಕೈಗೆ ಬಂದು ಗುಂಡಿ ಅಳೆಯುವವರೆಗೆ ಎಂಟು ತಂತಿಯ ಪಿಕಪ್ ಆರ್ಡರ್ ಮಾಡಬೇಡಿ. ಈ ವಾರ 0.064ರ ಒಂದು ಬಿಡಿ ತಂತಿ, 3 ಮೀಟರ್ ಕೇಬಲ್ ತಂದು, ಪಿಕಪ್ ಇಳಿಸಿ, ಪ್ಯಾಡ್‌ನಲ್ಲಿ ಬೇಸ್ ನಾಬ್ ಹತ್ತು ಗಂಟೆಗೆ ತಿರುಗಿಸಿ ನುಡಿಸಿ ನೋಡಿ. ಆಮೇಲೂ ಗೊಜ್ಜಾದರೆ ಗುಂಡಿಯ ಅಳತೆ ಬರೆದು ಕಳಿಸಿ.